ಗೋಡೆಗೆ ಮೊಳೆ ಹೊಡೆಯುವಂತಿಲ್ಲ

ಊರಿಗೆಲ್ಲ ಬಾಗಿಲು ಕಿಟಕಿ ಮಾಡಿಕೊಟ್ಟ ಬಡಗಿ, ತಾನು ಮಾತ್ರ ಮದುವೆಯಾದಾಗಿನಿಂದ ಬಾಡಿಗೆ ಮನೆಯಲ್ಲೇ ಇದ್ದ. ಆ ಮನೆಯ ಓನರಮ್ಮನದು ಒಂದೇ ಕಟ್ಟಪ್ಪಣೆ: ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಸುತ್ತಿಗೆ ಹಿಡಿದೇ ಹೊಟ್ಟೆ ಹೊರೆಯುವವನಿಗೆ ಈ ಮಾತು! ಹಾಗಾಗಿ ಅವನ ಹೆಂಡತಿಯ ಕನ್ನಡಿ ಕಿಟಕಿ ಕಟ್ಟೆಯ ಮೇಲೆ ಸರಳಿಗೆ ಒರಗಿಕೊಂಡೇ ಇತ್ತು. ಅವಳೇನು ಎತ್ತರದ ಹೆಂಗಸಲ್ಲ, ಆದರೂ ತಲೆ ಬಾಚಬೇಕೆಂದರೆ ಸೊಂಟ ಬಗ್ಗಿಸಬೇಕು. “ನಮ್ದೂ ಅಂತ ಒಂದು ಮನೆ ಆಗ್ಲಿ ಕಣೇ, ಮೊದಲ್ನೇ ಮೊಳೆ ನಿನ್ನ ಕನ್ನಡಿಗೇ” ಎಂದು ಬಡಗಿ ಹೇಳುತ್ತಲೇ ಬಂದ. ಅವಳು “ಹ್ಞೂಂ, ಆಗ್ಲಿ” ಎನ್ನುತ್ತಲೇ ಬಂದಳು. ಅಷ್ಟರಲ್ಲಿ ಅವಳ ತಲೆ ನರೆತಿತ್ತು.

ಕೊನೆಗೂ ಮನೆ ಕೊಂಡರು. ಒಂದು ಹಾಲ್, ಒಂದು ರೂಮು, ಅಡುಗೆಮನೆ. ಆದರೆ ವಾಸಕ್ಕಲ್ಲ, ಬಾಡಿಗೆಗೆ. ಬಡಗಿಯ ಬಲಗೈ ಈಚೆಗೆ ನಡುಗುತ್ತಿತ್ತು, ಉಳಿ ಹಿಡಿದರೆ ಗೆರೆ ತಪ್ಪುತ್ತಿತ್ತು. “ನೀವಿಬ್ರೂ ಹಳೇ ಮನೇಲೇ ಇರಿ, ಅದರ ಬಾಡಿಗೆ ಕಮ್ಮಿ. ಹೊಸದನ್ನ ಬಾಡಿಗೆಗೆ ಬಿಡು. ಬ್ಯಾಂಕಿನ ಕಂತು ತಾನಾಗೇ ತೀರುತ್ತೆ, ಆಮೇಲೆ ಅದೇ ನಿಮ್ಮಿಬ್ಬರ ಅನ್ನ” ಎಂದ ಗೆಳೆಯ ಮೇಸ್ತ್ರಿ. ಮಾತು ಸರಿಯಾಗಿಯೇ ಇತ್ತು. ಹೆಂಡತಿಯೂ ಒಪ್ಪಿದಳು. ಕನ್ನಡಿಯ ವಿಷಯ ಮಾತ್ರ ಇಬ್ಬರೂ ಎತ್ತಲಿಲ್ಲ.

ಮನೆ ನೋಡಲು ಮೊದಲು ಬಂದವಳು ಒಬ್ಬ ಟೀಚರ್. ಒಳ್ಳೇ ಎತ್ತರದ ಹುಡುಗಿ. ಎಲ್ಲ ಮಾತಾಗಿ, ಬೀಗದ ಕೈ ಕೊಡುವ ಹೊತ್ತಿಗೆ ಸಂಕೋಚದಿಂದ ಕೇಳಿದಳು: “ಅಂಕಲ್, ಒಂದೇ ಒಂದು ಮೊಳೆ ಹೊಡ್ಕೊಳ್ಳಾ? ಕನ್ನಡಿಗೆ.”

“ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲಮ್ಮ” ಎಂದುಬಿಟ್ಟ ಬಡಗಿ. “ಈಗಷ್ಟೇ ಪೇಂಟ್ ಹೊಡ್ಸಿದೀನಿ.”

ಛೇ, ಆ ನಾಲಿಗೆಗೆ ಏನಾಗಿತ್ತೋ! ಮಾತಷ್ಟೇ ಅಲ್ಲ, ಹೇಳಿದ ಧಾಟಿಯೂ ಓನರಮ್ಮನದೇ. ಕಿಟಕಿಯ ಬಳಿ ನಿಂತಿದ್ದ ಹೆಂಡತಿ ಅವನತ್ತ ಒಮ್ಮೆ ನೋಡಿದಳು. ಸಿಟ್ಟಿನ ನೋಟವಾಗಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ಗುರುತಿಲ್ಲದವರನ್ನು ನೋಡುವಂತೆ ನೋಡಿ, ಟೀಚರ್ ಕೈಗೆ ಬೀಗದ ಕೈ ಕೊಟ್ಟು ಹೊರಗೆ ನಡೆದಳು.

ಮರುದಿನ ಬೆಳಿಗ್ಗೆ ಅವಳು ತನ್ನ ಕನ್ನಡಿಯನ್ನು ಕಿಟಕಿಯ ಕಡೆ ತಿರುಗಿಸಿಟ್ಟಳು. ಅದನ್ನು ನೋಡದೆಯೇ ತಲೆ ಬಾಚಿಕೊಂಡಳು. ಹೊತ್ತಿಗೆ ಸರಿಯಾಗಿ ಊಟ ಬಡಿಸಿದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಅಷ್ಟೇ. ದಿನಗಳು ಹೀಗೇ ಹೋದವು. ಒಂದು ರಾತ್ರಿ ಬಡಗಿ ಊಟದ ತಟ್ಟೆ ಪಕ್ಕಕ್ಕೆ ಸರಿಸಿದ.

“ಬೈದಾದ್ರೂ ಬಿಡೇ ಮಾರಾಯ್ತಿ!”

“ಬೈಯೋಕೇನಿದೆ ರೀ? ನಿಮ್ಮ ಗೋಡೆ, ನಿಮ್ಮ ಮಾತು.”

ಹರಿದ ಚಾಪೆಗೂ ‘ನಮ್ಮ ಚಾಪೆ’ ಎನ್ನುತ್ತಿದ್ದವಳು ಇವಳು. ಜೊತೆಗೂಡಿ ಹೊಟ್ಟೆಬಟ್ಟೆ ಕಟ್ಟಿ ಕೊಂಡ ಗೋಡೆ ಈಗ ‘ನಿಮ್ಮದು’. ಇವಳೇ ಹೊರಗಾದಮೇಲೆ ಆ ಬಾಡಿಗೆ ತಂದು ಯಾವ ಅನ್ನ ಉಣ್ಣುವುದು?

ಭಾನುವಾರ ಬೆಳಿಗ್ಗೆ ಚೀಲಕ್ಕೆ ಸುತ್ತಿಗೆ ಹಾಕಿಕೊಂಡು “ಬಾ” ಎಂದ. ಅವಳು ಚಪ್ಪಲಿ ಮೆಟ್ಟಿಕೊಂಡು ಹಿಂದೆ ನಡೆದಳು.

ಬಾಗಿಲು ತೆರೆದ ಟೀಚರ್ ಗಾಬರಿಯಾದಳು. “ಯಾಕಂಕಲ್, ನನ್ನಿಂದ ಏನಾದ್ರೂ ತಪ್ಪಾಯ್ತಾ?”

ಆ ಮುಖ ಬಡಗಿಗೆ ಚೆನ್ನಾಗಿ ಗೊತ್ತು. ಓನರಮ್ಮ ಬಂದಾಗಲೆಲ್ಲ ತಾನೂ ಇಂಥದೇ ಮುಖ ಹೊತ್ತು ಬಾಗಿಲು ತೆಗೆದಿದ್ದ.

“ತಪ್ಪು ನಂದಮ್ಮ. ಕನ್ನಡಿ ಎಲ್ಲಿ?”

ಕಿಟಕಿ ಕಟ್ಟೆಯ ಮೇಲೆ ಸರಳಿಗೆ ಒರಗಿತ್ತು. ಬಡಗಿ ಟೇಪು ಹಿಡಿಯಲಿಲ್ಲ, ಯಾರ ಎತ್ತರವನ್ನೂ ಕೇಳಲಿಲ್ಲ. ಸೀದಾ ಗೋಡೆಯ ಬಳಿ ಹೋಗಿ ಮೊಳೆ ಇಟ್ಟ. ನಡುಗುವ ಕೈ, ಆದರೂ ಒಂದು ಪೆಟ್ಟೂ ಆಚೀಚೆ ಆಗಲಿಲ್ಲ. ಕನ್ನಡಿ ನೇತುಹಾಕಿ ಹಿಂದೆ ಸರಿದ.

ಟೀಚರ್ ಎದುರಿಗೆ ಬಂದು ನಿಂತಳು. ಕನ್ನಡಿಯಲ್ಲಿ ಅವಳ ಕತ್ತು, ಗಲ್ಲ ಅಷ್ಟೇ ಕಂಡವು. “ಅಯ್ಯೋ ಅಂಕಲ್, ನನ್ನ ತಲೆ ಎಲ್ಲೋಯ್ತು?” ಎಂದು ನಕ್ಕಳು.

ಬಡಗಿ ಪೆಚ್ಚಾದ. ಇಷ್ಟು ವರ್ಷ ಮನಸ್ಸಿನಲ್ಲೇ ಅಳೆದಿಟ್ಟಿದ್ದ ಜಾಗಕ್ಕೆ ಕೈ ತಾನಾಗಿ ಹೋಗಿತ್ತು. ಹೆಂಡತಿ ಮೆಲ್ಲನೆ ಬಂದು ಕನ್ನಡಿಯ ಮುಂದೆ ನಿಂತಳು. ಬಗ್ಗಲಿಲ್ಲ. ಮುಖ ಪೂರ್ತಿ ಕಂಡಿತು. ಕಿವಿಯ ಬಳಿಯ ನರೆಗೂದಲನ್ನು ಹಿಂದಕ್ಕೆ ತಳ್ಳಿಕೊಂಡಳು. ಎಷ್ಟೋ ಹೊತ್ತು ನೋಡಿಕೊಂಡಳು. ಕಣ್ಣು ತುಂಬಿತ್ತು.

“ಮೇಲೆ ಇನ್ನೊಂದು ಹೊಡೀರಿ” ಎಂದಳು ಕೊನೆಗೆ. “ಆ ಹುಡುಗಿ ಯಾಕೆ ಬಗ್ಗಬೇಕು?”

ಬಡಗಿ ಮೇಲೊಂದು ಮೊಳೆ ಹೊಡೆದು ಕನ್ನಡಿಯನ್ನು ಅಲ್ಲಿಗೆ ಏರಿಸಿದ. ಕೆಳಗಿನ ಮೊಳೆ ಕೀಳಲು ಸುತ್ತಿಗೆ ತಿರುಗಿಸಿದ. ಅವಳು ಅವನ ಕೈ ಹಿಡಿದಳು.

“ಬರೀ ಮೊಳೆ ಯಾಕೇ?”

“ಇರ್ಲಿ ಬಿಡಿ” ಎಂದಳು. “ಅದು ನಮ್ದು.”