ಪ್ರತಿ ವರ್ಷ ಇದೇ ದಿನ

ಎಳ್ಳಿನ ವಾಸನೆ ಆಫೀಸ್ ಕೋಣೆಯವರೆಗೂ ಬಂದಿದೆ, ಅಂದರೆ ಒಳಗೆ ಪಿಂಡದ ಹೊತ್ತು, ಸೀನು ಭಟ್ಟರ ದನಿ ಗೋಡೆಯಾಚೆ ಏರಿ ಇಳಿಯುತ್ತಿದೆ, ಅಮ್ಮನ ಶ್ರಾದ್ಧಕ್ಕೆ ಕೂತ ಸುಭಾಷನ ದನಿ ಕೇಳುವುದಿಲ್ಲ, ಅವನು ಮೊದಲಿನಿಂದಲೂ ಹಾಗೇ, ಭಟ್ಟರು ಹೇಳಿಕೊಟ್ಟ ಮಂತ್ರವನ್ನೂ ಪಕ್ಕದವರಿಗೆ ತೊಂದರೆಯಾಗಬಾರದು ಅನ್ನುವಂತೆ ಹೇಳುವವನು, ನಾನು ಇಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದೇನೆ, ತೆರೆಯ ಮೇಲೆ ನಮ್ಮ ಭವನದ ವೆಬ್‌ಸೈಟು, ಜನ ನೋಡುವ ಕಡೆಯಲ್ಲ, ನಾವು ತಿದ್ದುವ ಕಡೆ, ಕಾರ್ಯಕ್ರಮಗಳು ಅನ್ನುವ ಪಟ್ಟಿ, ಹೆಸರು, ದಿನ, ಸಮಯ, ಮೇಲಿನ ಹಾಲೋ ಕೆಳಗಿನ ಹಾಲೋ, ಯಾವ ಬಗೆ — ಶ್ರಾದ್ಧ, ನಾಮಕರಣ, ಸೀಮಂತ, ವೈಕುಂಠ ಸಮಾರಾಧನೆ — ಅದರ ಕೆಳಗೆ ಒಂದು ಸಣ್ಣ ಚೌಕ, ಪ್ರತಿ ವರ್ಷ ಇದೇ ದಿನ, ಚೌಕದೊಳಗೆ ಒಂದು ಗುರುತು, ಆ ಗುರುತು ಹಾಕಿದವಳು ನಾನು, ಒಂದು ಮನೆಗಲ್ಲ, ಇನ್ನೂರ ಹನ್ನೆರಡು ಮನೆಗೆ. ಅದು ತಪ್ಪು ಅಂತ ಬೆಳಿಗ್ಗೆ ಹತ್ತೂವರೆಗೆ ಗೊತ್ತಾಯಿತು. ಸುಭಾಷ ಅರೆಕೆರೆಯಿಂದ ಸ್ಕೂಟರಿನಲ್ಲಿ ಬಂದಿದ್ದ, ನಿನ್ನೆ ರಾತ್ರಿ ಊಟ ಬಿಟ್ಟಿದ್ದಾನೆ, ಇವತ್ತು ಕಾಫಿಯನ್ನೂ ಕುಡಿದಿಲ್ಲ, ಪಂಚೆ ಉಟ್ಟು ಮಣೆಯ ಮೇಲೆ ಕೂತ, ಬೆರಳಿಗೆ ದರ್ಭೆಯ ಪವಿತ್ರ ಹಾಕಿಕೊಂಡ, ಭಟ್ಟರು ಸಂಕಲ್ಪ ಶುರು ಮಾಡಿದರು, ಸಂವತ್ಸರ ಹೇಳಿದರು, ಅಯನ, ಋತು, ಮಾಸ, ಪಕ್ಷ, ತಿಥಿಯ ಹತ್ತಿರ ಬಂದು ನಿಂತರು, ಏನ್ ಸುಭಾಷ, ನಿಮ್ಮಮ್ಮ ಹೋಗಿದ್ದು ಅಮಾವಾಸ್ಯೆನಾ? ಇಲ್ಲ ಭಟ್ರೇ, ಪುಷ್ಯ ಬಹುಳ ಪಂಚಮಿ. ಪಂಚಮಿ ಕಳೆದು ಹನ್ನೊಂದು ದಿನ ಆಯ್ತಲ್ಲಯ್ಯಾ, ಇವತ್ತು ಅಮಾವಾಸ್ಯೆ. ನಾನು ಎಳ್ಳಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅವನು ಭಟ್ಟರನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ, ಎದುರಿಗಿದ್ದ ನೀರಿನ ಚೊಂಬನ್ನು ನೋಡುತ್ತ, ತಪ್ಪು ನಂದೇ ಭಟ್ರೇ, ನಾನೇ ಪಂಚಾಂಗ ನೋಡ್ಬೇಕಿತ್ತು, ಭವನದಿಂದ ಮೆಸೇಜ್ ಬಂತು, ಬಂದ್ಬಿಟ್ಟೆ, ಅಂದ. ನಾನು ತಟ್ಟೆಯ ಎಳ್ಳನ್ನು ನೋಡುತ್ತ ನಿಂತೆ. ಭಟ್ಟರು ಒಳ್ಳೆಯ ಮನುಷ್ಯ, ಹೋಗ್ಲಿ ಬಿಡು, ತಪ್ಪಿಹೋದ ಶ್ರಾದ್ಧಾನ ಅಮಾವಾಸ್ಯೆ ದಿನ ಮಾಡಬಹುದು ಅಂತ ಶಾಸ್ತ್ರ ಇದೆ, ನೀನು ಬಂದಿರೋ ದಿನ ಸರಿಯಾಗೇ ಇದೆ, ಕೈ ಮುಂದೆ ಮಾಡು, ಅಂದರು, ಅವನು ಕೈ ಮುಂದೆ ಮಾಡಿದ, ನಾನು ತಟ್ಟೆ ಇಟ್ಟು ಇಲ್ಲಿಗೆ ಬಂದು ಕೂತೆ.

ಇಪ್ಪತ್ತಾರು ವರ್ಷ ಕೈಯಲ್ಲೇ ಬರೆದೆನಲ್ಲ, ಒಂದು ಮನೆಯದೂ ತಪ್ಪಲಿಲ್ಲವಲ್ಲ. ಯುಗಾದಿ ಕಳೆದ ವಾರ ಹೊಸ ಪಂಚಾಂಗ ಬಿಡಿಸಿಕೊಂಡು ಕೂರುವುದು, ಒಂದೊಂದು ಮನೆಯ ತಿಥಿ ಹಿಡಿದು ಈ ಸಲ ಅದು ಯಾವ ತಾರೀಕಿಗೆ ಬೀಳುತ್ತದೆ ಅಂತ ಉದ್ದ ನೋಟ್‌ಬುಕ್ಕಿನಲ್ಲಿ ಬರೆಯುವುದು, ಮೂರು ದಿನ ಮುಂಚೆ ಫೋನು, ನಾಡಿದ್ದಿನ ಮಾರನೇ ದಿನ ನಿಮ್ಮ ತಂದೆಯವರದು, ಬರ್ತೀರಲ್ಲ, ಎಷ್ಟು ಎಲೆ ಹಾಕಲಿ — ಅದಕ್ಕೆ ಹತ್ತು ದಿನ ಹಿಡಿಯುತ್ತಿತ್ತು, ಕನ್ನಡಕ ಬದಲಿಸಿದ ಮೇಲೆ ಹದಿನೈದು. ಹೋದ ವರ್ಷ ಇಂಚರ ವೆಬ್‌ಸೈಟು ಮಾಡಿಕೊಟ್ಟಳು, ಸೆಕ್ರೆಟರಿಯವರ ಸೊಸೆ, ಚುರುಕು ಹುಡುಗಿ, ನನ್ನನ್ನು ದಡ್ಡಿ ಅನ್ನುವಂತೆ ಒಂದು ದಿನವೂ ಮಾತಾಡಿದವಳಲ್ಲ. ಬೆಳಿಗ್ಗೆಯೆಲ್ಲ ನೆಂಟರು ಫೋನ್ ಮಾಡಿ ಯಾವ ಮಹಡಿ, ಎಷ್ಟು ಗಂಟೆ ಅಂತ ಕೇಳುತ್ತಿದ್ದರಲ್ಲ, ಅದಕ್ಕೇ ಈ ಪಟ್ಟಿ. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು, ಜಯಾ ಆಂಟಿ, ಹೆಸರು ಹಾಕಿ, ಡೇಟ್ ಹಾಕಿ, ಹಾಲ್ ಸೆಲೆಕ್ಟ್ ಮಾಡಿ, ಪಬ್ಲಿಶ್ ಒತ್ತಿ, ಅಷ್ಟೇ, ಸಖತ್ ಈಸಿ, ಎಲ್ಲಿ ಯಾವ್ದಾದ್ರೂ ಒಂದು ಹಾಕಿ ನೋಡೋಣ. ಅವತ್ತು ಒಳಗೆ ನಡೆಯುತ್ತಿದ್ದದ್ದು ಸುಭಾಷನ ಅಮ್ಮನದೇ ಶ್ರಾದ್ಧ, ಜನವರಿ ಹದಿನೆಂಟು, ಅದನ್ನೇ ಹಾಕಿದೆ, ಚೂಡಾಮಣಿಯಮ್ಮನವರ ಶ್ರಾದ್ಧ, ಕೆಳಗಿನ ಹಾಲ್, ಹತ್ತೂವರೆ. ಇದು ಪ್ರತಿ ವರ್ಷ ಇರತ್ತಾ ಆಂಟಿ? ಇರತ್ತಮ್ಮ. ಹಾಗಾದ್ರೆ ಇಲ್ಲೊಂದು ಟಿಕ್ ಹಾಕ್ಬಿಡಿ, ಮುಂದಿನ ವರ್ಷ ನೀವು ಏನೂ ಮಾಡೋ ಹಾಗೇ ಇಲ್ಲ, ಒಂದು ವಾರ ಮುಂಚೆ ಅವರಿಗೆ ಮೆಸೇಜೂ ತಾನೇ ಹೋಗತ್ತೆ. ಹಾಕಿದೆ. ಅವಳಿಗೆ ತಿಥಿ ಗೊತ್ತಿಲ್ಲ, ಅವಳ ತಪ್ಪಲ್ಲ, ಹುಟ್ಟುಹಬ್ಬದ ಲೆಕ್ಕ ಅವಳದು. ನನಗೆ ಗೊತ್ತಿತ್ತು. ತಿಥಿ ವರ್ಷ ವರ್ಷ ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ, ಅಧಿಕ ಮಾಸ ಬಂದರೆ ಮುಂದಕ್ಕೆ ಹೋಗುತ್ತದೆ, ಇದನ್ನು ಇಪ್ಪತ್ತಾರು ವರ್ಷ ನೋಡಿದವಳು ನಾನು, ಆದರೂ ಹಾಕಿದೆ, ಯಾಕೆ, ಖುಷಿಯಾಯಿತು ಅದಕ್ಕೆ, ಇನ್ನು ಕೂತು ಬರೆಯುವುದು ಬೇಡ ಅನ್ನುವ ಖುಷಿಯಲ್ಲಿ ತಲೆ ಓಡಲಿಲ್ಲ, ಆ ಖುಷಿಯಲ್ಲೇ ಯುಗಾದಿವರೆಗಿನ ಮನೆಗಳಿಗೆ ನೋಟ್‌ಬುಕ್ಕು ನೋಡಿ, ಉಳಿದವಕ್ಕೆ ಯುಗಾದಿಗೆ ತಂದ ಪಂಚಾಂಗ ನೋಡಿ ಎಲ್ಲ ಮನೆಯದಕ್ಕೂ ಹಾಕಿದೆ, ಇನ್ನು ಇದರ ಕೆಲಸ ಮುಗಿಯಿತು ಅಂತ ಪಂಚಾಂಗವನ್ನು ಮೊಳೆಗೆ ನೇತುಹಾಕಿದೆ. ಮೊದಲು ಹಾಕಿದ್ದು ಸುಭಾಷನದು, ಹಾಗಾಗಿ ಮೊದಲು ತಿರುಗಿ ಬಂದದ್ದೂ ಸುಭಾಷನದು. ನಾಳೆಯಿಂದ ಉಳಿದವರು ಬರುತ್ತಾರೆ, ಒಬ್ಬೊಬ್ಬರೇ, ಮಡಿ ಉಟ್ಟು, ಹಸಿದು, ತಪ್ಪು ದಿನಕ್ಕೆ.

ಫೋನ್ ಮಾಡಿದೆ ಇಂಚರಳಿಗೆ, ಮಡಿವಾಳದ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಳು, ಅಯ್ಯೋ ಆಂಟಿ, ಭಾನುವಾರಾನೂ ಇಲ್ಲಿ ಒಂದಿಂಚು ಅಲ್ಲಾಡ್ತಿಲ್ಲ, ಹೇಳಿ, ಹಾರ್ನಿನ ಸದ್ದಿನ ನಡುವೆ ಎಲ್ಲ ಕೇಳಿಸಿಕೊಂಡಳು. ಆಮೇಲೆ, ಟಿಕ್ ಎಲ್ಲಾ ಒಟ್ಟಿಗೆ ತೆಗೀಬಹುದು ಆಂಟಿ, ಆದ್ರೆ ಹೊಸ ಡೇಟ್ ಮಾತ್ರ ಒಂದೊಂದೇ ಕೈಯಲ್ಲೇ ಹಾಕ್ಬೇಕು, ಸಾರಿ. ನೀನ್ಯಾಕಮ್ಮ ಸಾರಿ ಹೇಳ್ತೀಯ. ಆ ಅಂಕಲ್‌ಗೆ ಏನ್ ಹೇಳಿದ್ರಿ? ಏನೂ ಹೇಳಿಲ್ಲ. ಸಿಸ್ಟಮ್ ಎರರ್ ಅಂತ ಹೇಳ್ಬಿಡಿ ಆಂಟಿ, ಎಲ್ಲರೂ ಹಾಗೇ ಹೇಳೋದು, ಯಾರೂ ಕೇಳಲ್ಲ. ಎಷ್ಟು ಸುಲಭ, ಎರಡು ಮಾತು, ಅವನು ಹೌದು ಅಂತ ತಲೆಯಾಡಿಸುತ್ತಾನೆ, ಕಂಪ್ಯೂಟರಿನ ಮೇಲೆ ಯಾರಿಗೂ ಸಿಟ್ಟು ಬರುವುದಿಲ್ಲ. ಆದರೆ ಇದು ಯಾರದೋ ಅಲ್ಲ, ಚೂಡಾಮಣಿಯಮ್ಮನದು. ನನ್ನನ್ನು ಈ ಭವನಕ್ಕೆ ಕರೆತಂದವರೇ ಅವರು, ಹನುಮಂತನಗರದಲ್ಲಿ ನಮ್ಮ ವಠಾರದ ಕೊನೇ ಮನೆ, ಗಂಡ ಇಲ್ಲ, ಒಬ್ಬನೇ ಮಗ, ಇಲ್ಲಿ ಎಲೆ ಒರೆಸಿ ಬಡಿಸಿ ಅವನನ್ನು ಓದಿಸಿದರು, ನನಗೆ ದಿಕ್ಕು ತೋಚದ ಕಾಲದಲ್ಲಿ, ಬಾ ಜಯಾ, ಮನೇಲಿ ಅಳ್ತಾ ಕೂತ್ರೆ ಯಾರೂ ಕರೆದು ಅನ್ನ ಹಾಕಲ್ಲ, ನಾಳೆಯಿಂದ ನನ್ನ ಜೊತೆ ಬಡಿಸೋಕೆ ಬಾ, ಅಂದವರು. ಸುಭಾಷ ಮದುವೆಯಾಗಲಿಲ್ಲ, ಜೆ.ಪಿ. ನಗರದ ಔಷಧಿ ಅಂಗಡಿಯಲ್ಲಿ ಕೆಲಸ, ದೇವಸ್ಥಾನ ಅಂತ ಸುತ್ತುವವನಲ್ಲ, ವರ್ಷಕ್ಕೆ ಇದೊಂದು ದಿನ ಮಾತ್ರ ರಜ ಕೇಳುತ್ತಾನೆ. ಈ ಒಂದು ದಿನವನ್ನು ನನ್ನ ಕೈಗೆ ಕೊಟ್ಟಿದ್ದ, ಜಯಕ್ಕ, ನನಗೆ ಪಂಚಾಂಗ ಗಿಂಚಾಂಗ ಗೊತ್ತಾಗಲ್ಲ, ನೀವು ಫೋನ್ ಮಾಡಿದ ದಿನ ನಮ್ಮಮ್ಮನ ದಿನ.

ಸರಿ, ಮೊದಲು ಇವನದು. ಮೊಳೆಯಿಂದ ಪಂಚಾಂಗ ಇಳಿಸಿದೆ, ಪುಷ್ಯ ಬಹುಳ ಪಂಚಮಿ, ಬುಧವಾರ, ಜನವರಿ ಏಳು. ಪಟ್ಟಿಯಲ್ಲಿ ಆ ದಿನಕ್ಕೆ ಹೋದೆ, ಮುಗಿದ ದಿನಕ್ಕೆ ಈಗ ಏನು ಹಾಕುವುದು, ಆದರೂ ಸರಿಯಾದ ದಿನವನ್ನು ಒಂದು ಸಲ ಕಣ್ಣಿನಿಂದ ನೋಡೋಣ ಅಂತ. ಹಿಂದಿನ ಕಾರ್ಯಕ್ರಮಗಳು, ಜನವರಿ ಏಳು, ವೈಕುಂಠ ಸಮಾರಾಧನೆ, ಮೇಲಿನ ಹಾಲ್, ಹನ್ನೆರಡೂವರೆ, ನೂರಿಪ್ಪತ್ತು ಎಲೆ. ಇದನ್ನು ಬರೆದವಳೂ ನಾನೇ. ಯಾರ ಮನೆಯದು — ಜೆ.ಪಿ. ನಗರದ ಔಷಧಿ ಅಂಗಡಿಯವರು, ಅವರ ತಂದೆ ತೀರಿಕೊಂಡು ಹದಿಮೂರನೇ ದಿನ. ಸುಭಾಷ ಬಂದಿದ್ದ. ಅಂಗಡಿಯ ಯಜಮಾನರ ಮನೆಯ ಊಟ, ಬರದೆ ಇರುತ್ತಾನೆಯೇ, ಅಂಗಡಿಯ ನಾಲ್ಕು ಜನ ಒಂದೇ ಸಾಲಿನಲ್ಲಿ ಕೂತಿದ್ದರು, ಅವನು ಕಿಟಕಿಯ ಕಡೆ, ಬಡಿಸುವವರು ಸಾಲದೆ ನಾನೇ ಹೋಳಿಗೆ ಹಿಡಿದು ಹೋದೆ, ಗೊತ್ತಿರುವ ಮುಖ ಅಂತ ಅವನ ಎಲೆಗೆ ಎರಡು ಹಾಕಿದೆ, ಎರಡನೇ ಸುತ್ತಿಗೆ ಬಂದಾಗ ಕೈ ಅಡ್ಡ ಹಿಡಿದ, ಅಂಗೈ ಕೆಳಗೆ ಮಾಡಿ, ಐದೂ ಬೆರಳು ಬಿಡಿಸಿ, ಸಾಕು ಜಯಕ್ಕ, ನಿಜ್ವಾಗ್ಲೂ ಸಾಕು, ಪಕ್ಕದವನು ನಕ್ಕ, ಹಾಕಿ ಅಕ್ಕ, ಇವ್ನು ನಾಚ್ಕೋತಾನೆ, ಹಾಕಿ, ನಾನು ಆ ಕೈಯನ್ನು ಪಕ್ಕಕ್ಕೆ ಸರಿಸಿ ಹಾಕಿದೆ, ತುಪ್ಪವನ್ನೂ ಬಿಟ್ಟೆ, ಒಂದು ಹನಿ ಅವನ ಬೆರಳ ಮೇಲೆ ಬಿತ್ತು. ಸಾಕು ಅಂದವರಿಗೇ ಇನ್ನೊಂದು ಹಾಕು ಜಯಾ, ಹೊಟ್ಟೆ ತುಂಬಿದವರು ಮಾತಾಡಲ್ಲ, ಎಲೆ ಬಿಟ್ಟು ಏಳ್ತಾರೆ, ಅಂತ ಹೇಳಿಕೊಟ್ಟವರು ಅವನ ಅಮ್ಮ. ಅವರದೇ ತಿಥಿಯ ದಿನ, ಶ್ರಾದ್ಧ ಮಾಡಬೇಕಾದ ಮಗ ಪರರ ಅನ್ನ ಮುಟ್ಟಬಾರದ ದಿನ, ಅವರು ದುಡಿದ ಹಾಲಿನಲ್ಲೇ ಕೂರಿಸಿ, ಬೇಡ ಅನ್ನುವ ಕೈಯನ್ನು ಸರಿಸಿ ನಾನು ತಿನ್ನಿಸಿದೆ. ಕೆಳಗಿನ ಹಾಲ್ ಅವತ್ತು ಖಾಲಿ ಇತ್ತು.

ಇದು ನನ್ನೊಬ್ಬಳಿಗೇ ಗೊತ್ತು. ಅವನಿಗೆ ಗೊತ್ತಿಲ್ಲ, ಭಟ್ಟರಿಗೆ ಗೊತ್ತಿಲ್ಲ. ಈ ಸಾಲಿನ ಪಕ್ಕದಲ್ಲಿ ಒಂದು ಗುಂಡಿ ಇದೆ, ಅನ್‌ಪಬ್ಲಿಶ್, ಒತ್ತಿದರೆ ಜನ ನೋಡುವ ಪುಟದಲ್ಲಿ ಇರುವುದಿಲ್ಲ, ಮುಗಿದ ಸಮಾರಾಧನೆ, ಯಾರಿಗೆ ಬೇಕು, ಯಾರು ಕೇಳುತ್ತಾರೆ. ಹೇಳಿ ನನಗೆ ಏನಾಗಬೇಕು, ಹೇಳಿದರೆ ನನ್ನ ಎದೆಯ ಭಾರ ಇಳಿದು ಅವನ ಎದೆಗೆ ಹೋಗುತ್ತದೆ, ಅದು ಒಳ್ಳೆಯತನವೇ. ಟಿಕ್ಕಿನದು ಹೇಳುತ್ತೇನೆ, ಅದನ್ನು ಹೇಳಲೇಬೇಕು, ಇದು ಬೇಡ — ಬಾಗಿಲಲ್ಲಿ ನೆರಳು, ಊಟ ಮುಗಿಸಿ ಬಂದಿದ್ದಾನೆ, ತಲೆ ಒಣಗಿದೆ, ಕಣ್ಣು ಸ್ವಲ್ಪ ಕೆಂಪಗಿದೆ, ಆದರೆ ಮುಖ ಹಗುರ. ಎಲ್ಲಾ ಚೆನ್ನಾಗಾಯ್ತು ಜಯಕ್ಕ, ಕಾಗೆನೂ ಬೇಗ ಬಂತು. ಕೂತ್ಕೋ ಸುಭಾಷ. ಕೂತ. ತಪ್ಪು ನಿಂದಲ್ಲ ಕಣೋ, ನಂದು, ತಿಥಿ ನೋಡದೆ ಪ್ರತಿ ವರ್ಷ ಇದೇ ದಿನ ಅಂತ ಕಂಪ್ಯೂಟರಿಗೆ ಹಾಕಿದವಳು ನಾನು, ಬೆಳಿಗ್ಗೆ ಭಟ್ಟರ ಮುಂದೆ ಹೇಳ್ಬೇಕಿತ್ತು, ನಾಲಿಗೆ ಏಳಲಿಲ್ಲ. ಅವನು ತೆರೆಯನ್ನು ನೋಡಿದ, ನನ್ನನ್ನು ನೋಡಿದ, ಅಷ್ಟೇ ತಾನೇ ಬಿಡಿ, ಇಷ್ಟು ವರ್ಷ ನಾನು ಒಂದು ದಿನ ಆದ್ರೂ ಕ್ಯಾಲೆಂಡರ್ ತೆಗೆದು ನೋಡಿದ್ನಾ, ಎಲ್ಲಾ ನಿಮ್ಮ ತಲೆ ಮೇಲೆ ಹಾಕಿ ಕೂತಿದ್ದೆ, ನಮ್ಮಮ್ಮ ಇದ್ದಿದ್ರೆ ನನಗೇ ಬೈತಿದ್ರು. ಇಷ್ಟು ಸುಲಭವಾಗಿ ಬಿಟ್ಟುಬಿಟ್ಟ. ಆಗ ಅವನು, ಹನ್ನೊಂದು ದಿನ ಹಿಂದೆ ಅಂದ್ರೆ ಜನವರಿ ಏಳು, ಬುಧವಾರ ಅಲ್ವಾ, ಒಳಗೆ ಪಿಂಡ ಇಡೋವಾಗ್ಲೂ ಅದೇ ತಲೇಲಿ, ಅವತ್ತು ನಾನು ಎಲ್ಲಿದ್ದೆ ಜಯಕ್ಕ, ಏನ್ ಮಾಡ್ತಿದ್ದೆ, ಒಂದು ಕ್ಷಣನಾದ್ರೂ ಅಮ್ಮನ್ನ ನೆನೆಸ್ಕೊಂಡ್ನಾ, ಆ ವಾರ ಪೂರ್ತಿ ಅಂಗಡಿ, ಓಡಾಟ, ದಿನಗಳೆಲ್ಲ ಕಲಸಿಹೋಗಿವೆ, ಎಷ್ಟು ಯೋಚಿಸಿದ್ರೂ ನೆನಪಾಗ್ತಿಲ್ಲ, ಅಂದು ಜೇಬಿನಿಂದ ಫೋನ್ ತೆಗೆದ, ಆ ಮೆಸೇಜಿನಿಂದಲೇ ಭವನದ ಪುಟ ತೆರೆದ, ಮುಂದಿನ ವರ್ಷದ್ದು ಯಾವಾಗ ನೋಡ್ಕೊಂಡುಬಿಡ್ತೀನಿ, ಇನ್ಮೇಲೆ ನಾನೇ ನೋಡ್ಕೋಬೇಕು, ಇಲ್ಲೇ ಇದ್ಯಲ್ಲ ಪಟ್ಟಿ, ಓ ಇದು ಹಿಂದಿನದು, ಬೆರಳು ಪುಟವನ್ನು ಸರಿಸುತ್ತಿದೆ, ಹದಿನೇಳು, ಹದಿನಾಲ್ಕು, ಹನ್ನೊಂದು, ನನ್ನ ಬೆರಳು ಮೌಸಿನ ಮೇಲಿದೆ, ಗುಂಡಿ ಅಲ್ಲೇ ಇದೆ, ಅವನ ಕೈಯಲ್ಲಿ ಪುಟ ಆಗಲೇ ತೆರೆದಿದೆ, ಈಗ ಒತ್ತಿದರೆ ಅಲ್ಲಿಂದ ಹೋಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ಹೋದರೂ, ಎಲ್ಲಿದ್ದೆ ಜಯಕ್ಕ ಅಂತ ಕೇಳಿದ್ದಾನೆ, ಬೇರೆ ಯಾರನ್ನೂ ಕೇಳಿಲ್ಲ, ನನ್ನನ್ನು ಕೇಳಿದ್ದಾನೆ, ಮೌಸಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ. ನೀನು ಇಲ್ಲೇ ಇದ್ದೆ ಕಣೋ. ಮೇಲಿನ ಹಾಲಲ್ಲಿ, ನಿಮ್ಮ ಯಜಮಾನರ ಮನೆಯ ಸಮಾರಾಧನೆಗೆ ಬಂದಿದ್ದೆ. ನಾನೇ ಬಡಿಸ್ದೆ. ಅವನ ಬೆರಳು ನಿಂತಿತು. ಫೋನನ್ನು ಮೇಜಿನ ಮೇಲೆ ಮಗುಚಿಟ್ಟ, ಅದರ ಮೇಲೆ ಕೈ ಇಟ್ಟ, ಅಂಗೈ ಕೆಳಗೆ ಮಾಡಿ, ಬೆರಳು ಬಿಡಿಸಿ, ಪವಿತ್ರ ತೆಗೆದ ಜಾಗದಲ್ಲಿ ಇನ್ನೂ ಗೆರೆ ಇದೆ, ಅಮಾವಾಸ್ಯೆ ಆಯಿತಲ್ಲ, ಭಟ್ಟರು ಹೇಳಿದರಲ್ಲ, ಕಾಗೆ ಬಂತಲ್ಲ ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ, ಆದರೆ ಕಣ್ಣ ಮುಂದೆ ಎಲೆ, ಎಲೆಯ ಮೇಲೆ ಅಡ್ಡ ಹಿಡಿದ ಕೈ, ಅದನ್ನು ಸರಿಸುವ ನನ್ನ ಕೈ, ಬೆರಳ ಮೇಲೆ ಒಂದು ಹನಿ ತುಪ್ಪ, ಸಾಕು ಜಯಕ್ಕ — ಎಲೆಯ ಮೇಲೆ ಅಡ್ಡ ಹಿಡಿದ ಕೈ —