ದೊಡ್ಡ ಮನಸ್ಸಿನ ತಮ್ಮ

ಸತ್ತವನನ್ನು ಮಣ್ಣಿಗೆ ಒಯ್ಯುವ ಮೊದಲು ಬದುಕಿರುವವರನ್ನು ಒಂದು ಮಾತು ಕೇಳುವುದು ಪದ್ಧತಿ. ಇವನಿಂದ ಯಾರಿಗಾದರೂ ನೋವಾಗಿದ್ದರೆ, ಮೋಸವಾಗಿದ್ದರೆ, ಮಾಫ್ ಮಾಡಿಬಿಡಿ ಎಂದು. ಹಳೇ ಹುಬ್ಬಳ್ಳಿಯ ಗಾದಿ ಅಂಗಡಿಯ ಮಕಬೂಲಸಾಬನ ಜನಾಜಾ ಎದುರಿಗಿಟ್ಟುಕೊಂಡು ಜಮಾತಿನ ಹಿರಿಯ ಮುಷರಫ ಕಾಕಾ ಆ ಮಾತು ಕೇಳಿದಾಗ ನೆರೆದವರೆಲ್ಲ ‘ಮಾಫ್, ಮಾಫ್’ ಎಂದು ಗೊಣಗಿದರು. ಕಣ್ಣು ಮಾತ್ರ ಎಲ್ಲರದೂ ಒಬ್ಬನ ಮೇಲೆಯೇ ಇತ್ತು. ಅವನು ಸತ್ತವನ ತಮ್ಮ ಇಸ್ತಿಯಾಕ. ಅಣ್ಣನ ಜೋಡಿ ಹನ್ನೊಂದು ವರ್ಷ ಮಾತು ಬಿಟ್ಟವನು.

“ಇಸ್ತಿಯಾಕ, ನೀ ಬಾಯಿಬಿಟ್ಟು ಹೇಳಪಾ. ಅಣ್ಣಗ ಮಾಫ್ ಮಾಡಿದಿ ಹೌದಿಲ್ಲೋ?” ಎಂದು ಮುಷರಫ ಕಾಕಾ ಕೇಳಿದ.

“ಮಾಡೇನ್ರಿ ಕಾಕಾ.”

ಯಾರೋ ಕಣ್ಣು ಒರೆಸಿಕೊಂಡರು. ಯಾರೋ ಬೆನ್ನು ಸವರಿದರು. ಇಸ್ತಿಯಾಕ ಖಬರಿನೊಳಗೆ ತಾನೇ ಇಳಿದು ಅಣ್ಣನ ತಲೆಯ ಕಡೆ ಹಿಡಿದು ಮಲಗಿಸಿದ, ಮೂರು ಹಿಡಿ ಮಣ್ಣು ಹಾಕಿದ. ಎಲ್ಲ ಮುಗಿದು ಖಬರಸ್ತಾನದ ಬಾಗಿಲಲ್ಲಿ ನಿಂತಾಗಲೇ ತಾನು ಏನು ಅಂದೆ ಎಂಬುದು ಅವನ ತಲೆಗೆ ಹೊಕ್ಕಿದ್ದು. ಮಾಫ್ ಮಾಡಬೇಕಾದವನು ಮಣ್ಣಿನೊಳಗಿದ್ದ. ಮಾಫಿ ಬೇಕಾದವನು ಹೊರಗೆ ಚಪ್ಪಲಿ ಹುಡುಕುತ್ತಿದ್ದ.

ಅಣ್ಣ-ತಮ್ಮಂದಿರ ಜಗಳದ ಕತೆ ಓಣಿಗೆಲ್ಲ ಬಾಯಿಪಾಠ. ಗೊತ್ತಿದ್ದದ್ದು ತಿರುವುಮುರುವು, ಅಷ್ಟೇ. ಆಗ ಅಪ್ಪನ ಕಾಲದ ಅಂಗಡಿ ಒಂದೇ ಇತ್ತು. ಉಪ್ಪಿನಬೆಟಗೇರಿಯ ಗುಡ್ಡಪ್ಪ ಮಗಳ ಮದುವೆಯ ಗಾದಿಗೆಂದು ತನ್ನ ಹೊಲದ ಹತ್ತಿಯನ್ನೇ ತಂದುಕೊಟ್ಟಿದ್ದ. ಅದನ್ನು ಹಿಂಜಿ ತುಂಬಿದವನು ಇಸ್ತಿಯಾಕ. ಮೇಲೆ ಕೆಳಗೆ ಗುಡ್ಡಪ್ಪನ ಹತ್ತಿ, ನಡುವೆ ಗಿರಣಿಯ ಕಸದ ಅರಳೆ, ಕಚರಾ. ಮೂರು ತಿಂಗಳಿಗೆ ಗಾದಿ ಗಂಟುಗಂಟಾಯಿತು. ಗುಡ್ಡಪ್ಪ ಅದನ್ನು ಹೊತ್ತು ತಂದು, ಅಂಗಡಿಯ ಮುಂದೆ ನಟ್ಟನಡು ಹಾದಿಯಲ್ಲಿ ಹರಿದು ಒಗೆದ. ಕರೀ ಕರೀ ಅರಳೆ, ಬಣ್ಣಬಣ್ಣದ ದಾರದ ತುಂಡು ಹಾದಿಯ ತುಂಬ ಹಾರಿದವು. ಇದನ್ನು ತುಂಬಿದವನು ಯಾರು ಎಂದು ಅವನು ಗುಡುಗಿದಾಗ ಇಸ್ತಿಯಾಕನ ಬಾಯಿಂದ ಬಂದ ಮಾತು “ಅಣ್ಣ” ಎಂಬುದೊಂದೇ.

ಮಕಬೂಲಸಾಬ ತಮ್ಮನ ಮುಖ ನೋಡಿದ. ಏನೂ ಅನ್ನಲಿಲ್ಲ. ಅನ್ನದೇ ಹೋದದ್ದೇ ಅವನಿಗೆ ಮುಳುವಾಯಿತು. ಅಣ್ಣನ ಮುಖ ನೋಡಲಾರದೆ ಇಸ್ತಿಯಾಕ ಮಾತು ಬಿಟ್ಟ, ವಾರದೊಳಗೆ ಅಂಗಡಿಯ ನಡುವೆ ತಗಡಿನ ಗೋಡೆ ಬಂತು. ಓಣಿ ಅವನಿಗೆ ಕಚರಾ ಮಕಬೂಲ ಎಂದು ಹೆಸರಿಟ್ಟಿತು. ಹೊಸ ಗಾದಿಯ ಗಿರಾಕಿಗಳೆಲ್ಲ ತಮ್ಮನ ಕಡೆ ಹೋದರು. ಅಣ್ಣನ ಪಾಲಿಗೆ ಉಳಿದದ್ದು ಹಳೇ ಗಾದಿ ಬಿಚ್ಚಿ ಮತ್ತೆ ಹಿಂಜಿ ಕೊಡುವ ಕೆಲಸ. ಅದೂ ಗಾದಿಯವರು ಎದುರಿಗೆ ಕುರ್ಚಿ ಹಾಕಿಕೊಂಡು ಕಾವಲು ಕೂತಾಗ ಮಾತ್ರ. ಮಗಳು ಗುಲ್ನಾಜಳನ್ನು ಸಾಲೆಯ ಹುಡುಗಿಯರು ಕಚರಾ ಎಂದೇ ಕರೆಯುತ್ತಿದ್ದರು.

ಇಸ್ತಿಯಾಕ ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ಇಲ್ಲಿ ನಾಳೆ ಎಂದವನ ಮನೆಗೆ ಮಾಳಿಗೆ ಏರಿತು, ಹಾಳಾದದ್ದು ಅಣ್ಣನ ಮನೆ. ಗಾದೆ ಕಟ್ಟಿದವರಿಗೆ ಇಂಥ ತಮ್ಮ ಇರಲಿಲ್ಲವೆಂದು ಕಾಣುತ್ತದೆ.

ಮಣ್ಣು ಮಾಡಿದ ನಾಲ್ಕನೇ ದಿನ ಇಸ್ತಿಯಾಕ ಅಂಗಡಿ ತೆರೆದ. ಮುಂಜಾನೆ ಎಂಟಕ್ಕೆ ತಗಡಿನ ಆಚೆ ಅಣ್ಣನ ಅರಳೆ ಹಿಂಜುವ ಮಶೀನು ಶುರುವಾಗುತ್ತಿತ್ತು, ಅದು ಕೇಳಿದ ಮೇಲೆಯೇ ಇವನು ತನ್ನದರ ಗುಂಡಿ ಒತ್ತುತ್ತಿದ್ದ. ಹನ್ನೊಂದು ವರ್ಷ ಹಾಗೆಯೇ ನಡೆದಿತ್ತು, ಯಾರೂ ಯಾರಿಗೂ ಹೇಳದೆ. ಅಣ್ಣ ಕೆಮ್ಮಿದರೆ ಇವನಿಗೆ ಗೊತ್ತಾಗುತ್ತಿತ್ತು, ಇವನು ಗಿರಾಕಿಯ ಜೋಡಿ ನಕ್ಕರೆ ಅಣ್ಣನಿಗೆ. ಈಗ ಎಂಟೂವರೆಯಾಯಿತು, ಒಂಬತ್ತಾಯಿತು, ಇವನು ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕೂತೇ ಇದ್ದ. ಅಣ್ಣ ಬೇಕೆನಿಸಿತು. ಮಾತಿಗಲ್ಲದಿದ್ದರೂ ಆ ಕೆಮ್ಮಿಗಾದರೂ ಬೇಕೆನಿಸಿತು.

ಗಿರಾಕಿಗಳು ಬಂದರು, ಮೊದಲಿಗಿಂತ ಹೆಚ್ಚೇ ಬಂದರು. ಸತ್ತ ಅಣ್ಣನಿಗೆ ಮಾಫಿ ಕೊಟ್ಟ ದೊಡ್ಡ ಮನಸ್ಸಿನವನ ಕೈಯಲ್ಲಿ ಗಾದಿ ಹೊಲಿಸುವುದೆಂದರೆ ಸುಮ್ಮನೆ ಮಾತೇ? ಹೊಳೆವ್ವ ಎಂಬ ಮುದುಕಿ ಮೊಮ್ಮಗನ ಕೌದಿಗೆಂದು ಬಂದವಳು ಇಸ್ತಿಯಾಕನ ಗಲ್ಲ ಸವರಿ ನೆಟಿಗೆ ಮುರಿದು, “ನಿನ್ನಂಥಾವ ಹೊಟ್ಟಿಯೊಳಗ ಹುಟ್ಟಬೇಕು ನೋಡಪಾ” ಎಂದಳು. ಅವತ್ತು ಅವನು ಊಟ ಮಾಡಲಿಲ್ಲ.

ಅಣ್ಣನ ಅಂಗಡಿಯಲ್ಲಿ ಮಂದಿಯ ಅರಳೆ ಹಾಗೇ ಉಳಿದಿತ್ತು. ಅದರ ಚಾವಿ ಕೇಳುವ ನೆವದಲ್ಲಿ ಅವನು ಅಣ್ಣನ ಮನೆಗೆ ಹೋದ. ಅತ್ತಿಗೆ ಅಬೀದಾ ಇದ್ದತ್ತಿಗೆ ಕೂತಿದ್ದಳು. ಗಂಡ ಸತ್ತ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೊರಗಿನ ಗಂಡಸರ ಕಣ್ಣಿಗೆ ಬೀಳುವಂತಿಲ್ಲ, ಮೈದುನನಾದರೂ ಅಷ್ಟೇ. ಗುಲ್ನಾಜ ಚಾವಿ ತಂದು ಕೊಟ್ಟು, ಮುಖ ನೋಡದೆ ಒಳಗೆ ಹೋದಳು. ಪರದೆಯ ಹಿಂದಿನಿಂದ ಅಬೀದಾ ಕೇಳಿದಳು.

“ನಮ್ಮ ಮನಿಯವ್ರು ನಿಮಗ ಏನ್ ಮಾಡಿದ್ರಂತ ಮಾಫ್ ಮಾಡಿದ್ರಿ, ಭಾಯಿ?”

“ಅಣ್ಣ ನಿಮಗ ಹೇಳಿದ್ನೇನ್ರಿ ಭಾಬಿ?”

“ಗಂಡ ಕಚರಾ ತುಂಬಾವನೋ ಅಲ್ಲೋ ಅನ್ನೂದನ್ನ ಹೆಂಡತಿಗೆ ಯಾರರ ಹೇಳಬೇಕೇನು? ಯಾಕ ಸುಮ್ಮನಿದ್ರಿ ಅಂತ ಒಂದ ಸಲ ಕೇಳಿದ್ದೆ. ಎಂಟು ದಿನಕ್ಕ ತಮ್ಮನ ನಿಕಾ ಐತಿ, ಹೆಣ್ಣಿನವರು ಬಿಟ್ಟು ಹೋಗತಾರ ಅಂದ್ರು. ಆಮ್ಯಾಲ ತಾನ ಹೇಳತಾನ ಅಂದ್ರು. ಅದ ಆಮ್ಯಾಲ ಅನ್ನೂದು ಬರಲೇ ಇಲ್ಲ.”

“ಮಾಫ್ ಮಾಡ್ರಿ ಭಾಬಿ.” ಇಸ್ತಿಯಾಕ ಪರದೆಯ ಮುಂದೆ ನೆಲಕ್ಕೆ ಕೂತುಬಿಟ್ಟ.

“ಅದು ನನ್ನ ಕಡೆ ಇಲ್ಲ. ಇದ್ದವರು ಹ್ವಾದ್ರು. ನೀವು ಮಂದಿ ಮುಂದ ಹೇಳಿದ್ದನ್ನ ಮಂದಿ ಮುಂದನ ಹಿಂದಕ್ಕ ತಗೋರಿ. ನನ್ನ ಮಗಳು ಅಪ್ಪನ ಹೆಸರು ಹೇಳಿದ್ರ ಯಾರೂ ನಗಬಾರದು. ನನಗ ಮತ್ತೇನೂ ಬ್ಯಾಡ.”

ನಲವತ್ತನೇ ದಿನದ ಫಾತಿಹಾಕ್ಕೆ ಓಣಿಯೇ ನೆರೆಯಿತು. ಗುಡ್ಡಪ್ಪನೂ ಬಂದಿದ್ದ. ಹಳೇ ಸಿಟ್ಟು ಸಾವಿನ ಮುಂದೆ ಯಾಕೆ ಎಂದು ತಾನೇ ಬಂದು ಮುಷರಫ ಕಾಕಾನ ಪಕ್ಕದಲ್ಲಿ ಕೂತಿದ್ದ. ದುವಾ ಮುಗಿಯಿತು, ಊಟದ ಹಾಸು ಬಿಚ್ಚಿದರು. ಇಸ್ತಿಯಾಕ ಎದ್ದು ನಿಂತ.

“ನಾ ಒಂದ ಮಾತು ಹೇಳಬೇಕಾಗೇತಿ. ಗುಡ್ಡಪ್ಪ ಸಾವಕಾರ್ರ ಗಾದ್ಯಾಗ ಕಚರಾ ತುಂಬಿದಾಂವ ನಮ್ಮಣ್ಣ ಅಲ್ಲ. ನಾನು. ಅವತ್ತು ನಾ ಸುಳ್ಳು ಹೇಳಿದೆ.”

ಇಸ್ತಿಯಾಕನಿಗೆ ಹನ್ನೊಂದು ವರ್ಷದಲ್ಲಿ ಮೊದಲ ಸಲ ಮನಸ್ಸು ಹಗುರಾಯಿತು. ಬೈಯಲಿ, ಉಗುಳಲಿ, ಬಹಿಷ್ಕಾರ ಹಾಕಲಿ ಎಂದು ತಲೆ ತಗ್ಗಿಸಿ ನಿಂತ. ಮುಷರಫ ಕಾಕಾ ಮೆಲ್ಲಗೆ ಎದ್ದು ಬಂದು, ಅವನನ್ನು ಎರಡೂ ಕೈಯಿಂದ ಅಪ್ಪಿಕೊಂಡ.

“ನೋಡ್ರಿ,” ಎಂದ ಮುದುಕ, ನೆರೆದವರ ಕಡೆ ತಿರುಗಿ. “ಅಣ್ಣನ ಹೆಸರು ತೊಳಿಯಾಕ ತನ್ನ ಮಾರಿಗೆ ಮಸಿ ಬಳಕೊಳ್ಳಾಕತ್ತಾನ. ಇಂಥಾ ತಮ್ಮ ಯಾರ ಮನ್ಯಾಗ ಅದಾನ, ಹೇಳ್ರಿ.”

“ಹಂಗಲ್ರಿ ಕಾಕಾ, ಖರೇನ ಹೇಳಾಕತ್ತೇನಿ. ಸಾವಕಾರ್ರ ಹತ್ತಿ ನಾನ ತಗದೆ. ನನ್ನ ನಿಕಾದ ಗಾದ್ಯಾಗ ತುಂಬಿಕೊಂಡೆ. ಇವತ್ತಿಗೂ ಅದರ ಮ್ಯಾಲ ಮಲಗತೇನಿ. ಬರ್ರಿ, ಹರದು ತೋರಸ್ತೇನಿ.”

ಗುಡ್ಡಪ್ಪ ಕೈ ಎತ್ತಿ ತಡೆದ. “ಹತ್ತಿ ಮ್ಯಾಲ ನನ್ನ ಹೆಸರು ಬರದಿರತೈತೇನೋ ಹುಚ್ಚಾ? ಅವತ್ತು ಅಲ್ಲಿ ನಿಂತಾಂವ ನಾನು. ಮಕಬೂಲ ಒಂದ ಮಾತು ಆಡಲಿಲ್ಲ. ತಪ್ಪಿಲ್ಲದಾಂವ ಹನ್ನೊಂದ ವರ್ಷ ಬಾಯಿ ಮುಚಗೊಂಡು ಕುಂದರತಾನೇನು? ಹೋಗಲಿ ಬಿಡು. ನೀ ಮಾಫ್ ಮಾಡಿದಿ, ನಾನೂ ಮಾಡೇನಿ. ಕೂಡು, ಉಣ್ಣು.”

ಇಸ್ತಿಯಾಕ ಆಣೆ ಹಾಕಿದ. ಆಣೆ ಹಾಕಿದಷ್ಟೂ ಮಂದಿ ಕಣ್ಣೀರು ಹಾಕಿದರು. ನಾಲ್ಕು ಜನ ಭುಜ ಒತ್ತಿ ಕೂರಿಸಿ, ಅವನ ತಾಟಿಗೆ ದೊಡ್ಡ ತುಂಡು ನೋಡಿ ಹಾಕಿದರು. ಸುಳ್ಳನ್ನು ಒಂದೇ ಮಾತಿಗೆ ನಂಬಿದ್ದ ಓಣಿ ಖರೇ ಮಾತನ್ನು ಬೋನಸ್ಸಿನ ಹಾಗೆ ಅದೇ ಸುಳ್ಳಿಗೆ ಸೇರಿಸಿಕೊಂಡಿತು.

ಮರುದಿನ ಮುಂಜಾನೆ ಅವನು ಮತ್ತೆ ಪರದೆಯ ಮುಂದೆ ಬಂದು ನಿಂತ. “ನಾ ಹೇಳಿದೆ, ಭಾಬಿ.”

“ಕೇಳೇನಿ. ಹೆಂಗಸರೂ ಬಂದು ಅತ್ತು ಹ್ವಾದ್ರು. ಎಂಥಾ ಮೈದುನ ಸಿಕ್ಕಾನ ನಿನಗ ಅಂದ್ರು. ಗುಲ್ನಾಜಳ ಮುಂದನ ಅಂದ್ರು, ಅಂಥಾ ಅಪ್ಪನ ಹೆಸರು ಉಳಸಾಕ ಕಾಕಾ ಎಷ್ಟು ಒದ್ದಾಡಿದ ಅಂತ.”

“ಮತ್ತ ಹೇಳತೇನಿ. ಜುಮ್ಮಾ ದಿನ ಮಸೂತ್ಯಾಗ ನಿಂತು ಹೇಳತೇನಿ.”

“ಬ್ಯಾಡ್ರಿ.” ಪರದೆಯ ಆಚೆ ದನಿಯಲ್ಲಿ ಸಿಟ್ಟೂ ಇರಲಿಲ್ಲ, ದಣಿವಷ್ಟೇ ಇತ್ತು. “ನೀವು ಹೇಳಿದಷ್ಟೂ ಅವರು ಸಣ್ಣವರಾಗತಾರ. ಈ ಮನಿಗೂ ಬರಬ್ಯಾಡ್ರಿ ಇನ್ನ. ನೀವು ಬಂದು ಹ್ವಾದಾಗೊಮ್ಮೆ ಓಣಿಯವರು ನನ್ನ ಗಂಡನ್ನ ಹೊಸದಾಗಿ ಕಳ್ಳನ್ನ ಮಾಡತಾರ.”

ಇಸ್ತಿಯಾಕ ಹೊರಗೆ ಬಂದ. ಮೂಲೆಯ ಚಹಾದಂಗಡಿಯ ಕಟ್ಟೆಯ ಮೇಲೆ ಕೂತಿದ್ದವರು ಅವನನ್ನು ಕಂಡು ಆಚೀಚೆ ಸರಿದು ನಡುವೆ ಜಾಗ ಮಾಡಿದರು. ಅಣ್ಣನ ಮನೆಯಿಂದಲೇ ಬಂದಿ ಏನಪಾ ಎಂದು ಒಬ್ಬ ಕೇಳಿ, ಉಳಿದವರ ಕಡೆ ನೋಡಿ ತಲೆಯಾಡಿಸಿದ. ಕೂರದೆ ಮುಂದೆ ಹೋಗಬೇಕೆಂದರೆ ಎಲ್ಲಿಗೆ ಹೋಗುವುದು, ಇಡೀ ಓಣಿ ಹೀಗೆಯೇ ಸರಿದು ಜಾಗ ಕೊಡುತ್ತಿತ್ತು. ಅವನು ಕೂತ. ಯಾರೋ ಅವನ ಕೈಗೆ ಚಹಾ ಕೊಟ್ಟರು, ಅವನು ಕುಡಿದ.