ಬ್ರೇಕ್ ಒತ್ತುವ ಕಾಲು

ಊಟಕ್ಕೆ ಕೂತರೂ ಬಸ್ ಡ್ರೈವರ್ ಆಗಿದ್ದ ಯಜಮಾನರ ಬಲಗಾಲು ಬ್ರೇಕ್ ಹಾಕುವ ಹಾಗೆ ಆಗಾಗ ನೆಲ ಒತ್ತುತ್ತಿತ್ತು. ಕಣ್ಣಿನ ತೊಂದರೆಯಿಂದ ಸ್ಟಿಯರಿಂಗ್ ಬಿಡಿಸಿ ಅವರನ್ನು ಡಿಪೋ ಕಚೇರಿಯಲ್ಲಿ ಕೂರಿಸಿದ್ದರು. ಸಂಬಳವೇನೂ ಕಡಿಮೆಯಾಗಿರಲಿಲ್ಲ. ಆದರೂ ಮನುಷ್ಯನಿಗೆ ಊಟ ಸೇರದು, ಮಾತು ಬೇಡ.

ಹೆಂಡತಿ ತನಗೆ ತೋಚಿದ್ದನ್ನೆಲ್ಲ ಮಾಡಿದಳು. ಯೂನಿಫಾರ್ಮನ್ನು ಟ್ರಂಕಿನ ತಳಕ್ಕೆ ಹಾಕಿದಳು. ಮನೆಯಲ್ಲಿ ಬಸ್ಸಿನ ಸುದ್ದಿ ಎತ್ತಬಾರದೆಂದು ಮಗಳಿಗೆ ತಾಕೀತು ಮಾಡಿದಳು. ಪೇಟೆಗೆ ಹೋಗುವಾಗಲೂ ಬಸ್ ನಿಲ್ದಾಣ ತಪ್ಪಿಸಿ ಸುತ್ತು ದಾರಿ ಹಿಡಿದಳು.

"ಏನಮ್ಮಾ, ನಿಮ್ಮೆಜಮಾನ್ರು ಮಂಕಾಗಿದ್ದಾರೆ?" ಎಂದಳು ಪಕ್ಕದ ಮನೆಯ ನರ್ಸಕ್ಕ.

"ನನಗೂ ಅದೇ ಅರ್ಥ ಆಗ್ತಿಲ್ಲ ನರ್ಸಕ್ಕ. ಮನೇಲೇನು ಸಾವಾಯ್ತಾ? ಫ್ಯಾನ್ ಕೆಳಗೆ ಕೂತು ಸಂಬಳ ತಗೊಳ್ಳೋದು ಯಾರಿಗೆ ಕಹಿ ಹೇಳಿ?"

"ಸತ್ತವರಿಗೆ ಮಾತ್ರ ಅಳಬೇಕು ಅಂತ ಕಾನೂನಿದೆಯೇನೇ? ಕೈತಪ್ಪಿದ ಕೆಲಸ, ಮುರಿದ ಮದುವೆ, ಬಿಟ್ಟು ಬಂದ ಮನೆ, ಮೊದಲಿನ ಹಾಗಿಲ್ಲದ ಮೈ, ಎಲ್ಲಾ ದುಃಖವೇ. ಇದಕ್ಕೆ ಯಾರೂ ಮಾತಾಡಿಸೋಕೆ ಬರಲ್ಲ, ಅಷ್ಟೇ."

"ಅದಕ್ಕೇ ತಾನೇ ನಾನು ಬಸ್ಸಿನ ಮಾತನ್ನೇ ಬಿಡಿಸಿರೋದು!"

"ಅಯ್ಯೋ ತಾಯಿ! ಅವರು ಇಷ್ಟು ವರ್ಷ ಬಾಳಿದ್ದರ ಹೆಸರೇ ಎತ್ತದ ಹಾಗೆ ಮಾಡಿಬಿಟ್ಟೆಯಲ್ಲ. ನೀನೇ ಕೇಳು. ಬುದ್ಧಿ ಹೇಳಬೇಡ, ಸುಮ್ಮನೆ ಕೇಳಿಸ್ಕೋ. ಆಮೇಲೂ ಊಟ, ನಿದ್ದೆ ಸರಿ ಹೋಗದಿದ್ರೆ ಆಸ್ಪತ್ರೆಗೆ ಕರ್ಕೊಂಡು ಬಾ. ಅಲ್ಲಿ ಇಂಥದ್ದನ್ನೆಲ್ಲ ಕೂತು ಕೇಳೋರಿದ್ದಾರೆ."

ಅವಳಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಆದರೂ ಅಂದು ಬಡಿಸುವ ಮುಂಚೆ ಕೇಳಿದಳು, "ಏನ್ರೀ, ಸೇತುವೆ ಹತ್ರ ಆ ತಿರುವಿನಲ್ಲಿ ಅಷ್ಟು ದೊಡ್ಡ ಬಸ್ಸನ್ನ ಹೇಗ್ರೀ ತಿರುಗಿಸ್ತಿದ್ರಿ?"

ಅವರು ತಲೆ ಎತ್ತಿದರು. ಮಾತಿಗಿಂತ ಮುಂಚೆ ಕಣ್ಣೀರು ಬಂತು. 'ಹೋಗ್ಲಿ ಬಿಡಿ' ಎಂಬ ಮಾತು ಅವಳ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡಳು. ಸ್ವಲ್ಪ ಹೊತ್ತಿಗೆ ಅವರು ಖಾಲಿ ತಟ್ಟೆಯನ್ನೇ ಸ್ಟಿಯರಿಂಗ್ ಮಾಡಿಕೊಂಡು ತಿರುಗಿಸಿ ತೋರಿಸಿದರು.

"ಮೊದಲ ಟ್ರಿಪ್ಪಿಗೆ ಹತ್ತೋ ತರಕಾರಿ ಅಜ್ಜಿ ದಿನಾ 'ನಿಧಾನ ಕಣಪ್ಪಾ' ಅಂತಿದ್ಲು. ಈಗ ಯಾರನ್ನ ಗದರಿಸ್ತಾಳೋ!"

"ನಿಮ್ಮನ್ನ ಗದರಿಸೋಕೆ ನಾನಿದ್ದೀನಲ್ಲ," ಎಂದಳು ಹೆಂಡತಿ. ಮಗಳು ಬಿದ್ದು ಬಿದ್ದು ನಕ್ಕಳು. ಅಂದು ಅವರು ಎರಡನೇ ಸಲ ಬಡಿಸಿಕೊಂಡರು.

ಭಾನುವಾರ ಗಂಡ ಹೆಂಡತಿ ಅವರು ಓಡಿಸುತ್ತಿದ್ದ ಅದೇ ಬಸ್ಸು ಹತ್ತಿದರು. ಸೇತುವೆಯ ತಿರುವಿನಲ್ಲಿ ಅವರ ಬಲಗಾಲು ನೆಲ ಒತ್ತಿತು. ಪಕ್ಕಕ್ಕೆ ನೋಡಿದರೆ ಹೆಂಡತಿಯ ಕಾಲೂ ಒತ್ತುತ್ತಿತ್ತು!

"ನೀನ್ಯಾಕೆ ಒತ್ತುತ್ತೀಯೇ?"

"ನೀವೊಬ್ಬರೇ ಎಷ್ಟು ಅಂತ ಒತ್ತೀರಿ?"

ನಿಮ್ಮ ಮನೆಯಲ್ಲೂ, ಪಕ್ಕದ ಮನೆಯಲ್ಲೂ ಹೀಗೆ ಏನನ್ನೋ ಕಳೆದುಕೊಂಡು ಸುಮ್ಮನೆ ಕೂತವರು ಇರಬಹುದು. ಸುತ್ತು ದಾರಿ ಹಿಡಿಯಬೇಡಿ. ಕಳೆದುಹೋದದ್ದರ ಹೆಸರು ಹೇಳಿಯೇ ಕೇಳಿ. ಅವರ ಮಾತು ಮುಗಿಯುವ ತನಕ ಪಕ್ಕದಲ್ಲೇ ಕೂತಿರಿ. ಇವತ್ತೇ ಕೇಳಿ.